ಬಲಗಡೆಯ ರಂಧ್ರ

2019ರ ಮಾರ್ಚ್ 14, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಸ್ಕ್ಯಾನ್ ವಿಭಾಗದ ಡಾಕ್ಟರು ಹಳೆಯ ಫಿಲ್ಮೊಂದನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಅದರ ಅಂಚನ್ನು ಉಗುರಿನಿಂದ ಕೆರೆದರು.

"ಇದೇನಮ್ಮ, ಅಂಟಂಟು?"

"ಗೋಂದು," ಎಂದಳು ಪುಸ್ತಕಕ್ಕೆ ರಟ್ಟು ಕಟ್ಟುವವಳು.

ಗೋಂದು ಹಚ್ಚಿದ ಹಾಳೆಗಳು ಒಂದಕ್ಕೊಂದು ಕಚ್ಚಿಕೊಳ್ಳದಂತೆ ನಡುವೆ ಇಡಲು ಇಂಥ ಫಿಲ್ಮಿನಷ್ಟು ಒಳ್ಳೆಯದು ಬೇರೆ ಇಲ್ಲ. ಒಂಬತ್ತು ವರ್ಷದ ಹಿಂದೆ ಅವಳು ಏಣಿಯಿಂದ ಬಿದ್ದಾಗ ತೆಗೆಸಿದ ತಲೆಯ ಸ್ಕ್ಯಾನ್ ಇದು. ಹಳೆಯ ಸ್ಕ್ಯಾನ್ ಇದೆಯೇ ಎಂದು ಡಾಕ್ಟರು ಕೇಳಿದಾಗ ಇಲ್ಲವೆಂದಿದ್ದಳು. ಕೆಲಸಕ್ಕೆ ಬಳಸಿ ಹಾಳುಮಾಡಿದ್ದನ್ನು ತೋರಿಸಲು ನಾಚಿಕೆ. ನಿನ್ನೆ ಅಂಗಡಿ ಗುಡಿಸುತ್ತಿದ್ದ ತಮ್ಮ ಅದನ್ನು ಪುಸ್ತಕ ಒತ್ತುವ ಪ್ರೆಸ್ಸಿನ ಕೆಳಗಿಂದ ಎಳೆದು ತೆಗೆದಿದ್ದ.

ಏಳು ವರ್ಷ ಒಂದು ಫೋನೂ ಮಾಡದವನು. ಅಕ್ಕನ ತಲೆಬುರುಡೆಯ ತಳದಲ್ಲಿ ಗಡ್ಡೆ, ಸೋಮವಾರ ಆಪರೇಷನ್ ಎಂಬ ಸುದ್ದಿ ಕಿವಿಗೆ ಬಿದ್ದ ಮರುದಿನವೇ ಚೀಲ ಹೆಗಲಿಗೇರಿಸಿ ಬಂದಿದ್ದ. ಆರು ದಿನದಿಂದ ರಟ್ಟಿನ ಕಟ್ಟುಗಳ ನಡುವೆ ಮಲಗುತ್ತಿದ್ದ. ಅವನ ಗೊರಕೆಗೆ ಎಚ್ಚರವಾದಾಗಲೆಲ್ಲ ಅವಳಿಗೆ ಮತ್ತೆ ಗಾಢವಾಗಿ ನಿದ್ದೆ ಹತ್ತುತ್ತಿತ್ತು.

ಡಾಕ್ಟರು ಈಚಿನ ಫಿಲ್ಮನ್ನು ಪಕ್ಕದಲ್ಲಿಟ್ಟು ಅಳೆದರು, ಮತ್ತೊಮ್ಮೆ ಅಳೆದರು. "ಗಡ್ಡೆ ಅಲ್ಲಮ್ಮ ಇದು. ಮಿದುಳಿನಿಂದ ರಕ್ತ ಕೆಳಗಿಳಿಯೋ ರಂಧ್ರ. ನಿಮಗೆ ಬಲಗಡೇದು ದೊಡ್ಡದು, ಎಷ್ಟೋ ಜನಕ್ಕೆ ಹಾಗೇ ಇರತ್ತೆ. ಅಲ್ಲಿ ನಿಧಾನವಾಗಿ ಹರಿಯೋ ರಕ್ತಾನೇ ಮೊದಲು ನೋಡಿದವರಿಗೆ ಗಡ್ಡೆ ಥರ ಕಂಡಿದೆ. ಎಲುಬಿನ ಅಂಚು ನೋಡಿ, ಎಷ್ಟು ನುಣುಪು! ಗಡ್ಡೆ ಆಗಿದ್ರೆ ಇಷ್ಟೊತ್ತಿಗೆ ಕೊರೆದುಬಿಡ್ತಿತ್ತು. ಆಪರೇಷನ್ ಬೇಡ."

ಪಕ್ಕದಲ್ಲಿ ಕುಳಿತಿದ್ದ ತಮ್ಮ ತೊಡೆ ತಟ್ಟಿ ನಕ್ಕ. "ಅಕ್ಕನ ತಲೇಲಿ ತೂತಿದೆ ಅಂತ ಚಿಕ್ಕಂದಿನಿಂದ ಬಡ್ಕೊಂಡೆ ಡಾಕ್ಟ್ರೇ, ಯಾರೂ ನಂಬ್ಲಿಲ್ಲ!"

ಅವಳೂ ನಕ್ಕಳು. ಆಮೇಲೆ ಕೇಳಿದಳು: "ಆರು ತಿಂಗಳು ಬಿಟ್ಟು ಇನ್ನೊಂದ್ಸಲ ನೋಡೋದು... ಬೇಡ್ವಾ?"

"ಯಾಕಮ್ಮ? ನಿಮ್ಮ ಮೈಕಟ್ಟೇ ಹಾಗೆ. ನೆಮ್ಮದಿಯಾಗಿ ಮನೆಗೆ ಹೋಗಿ."

ಹೊರಗೆ ಬಂದು ತಮ್ಮ ಗಡಿಯಾರ ನೋಡಿಕೊಂಡ. "ಎರಡೂವರೆ ಬಸ್ಸು ಸಿಗತ್ತೆ ಅಕ್ಕ. ರಜಾನೂ ಮುಗೀತು."

"ಊಟ?"

"ದಾರೀಲಿ ಮಾಡ್ತೀನಿ. ನೀನು ರಿಪೋರ್ಟ್ ಇಸ್ಕೊಂಡು ನಿಧಾನವಾಗಿ ಬಾ. ನಾನು ಚೀಲ ತಗೊಂಡು ಬೀಗದ ಕೈ ಪಕ್ಕದಂಗಡೀಲಿ ಕೊಟ್ಟಿರ್ತೀನಿ."

ಅವಳು ಬೀಗದ ಕೈ ಕೊಟ್ಟಳು. ಅವನು ಎರಡೆರಡು ಮೆಟ್ಟಿಲು ಹಾರಿ ಇಳಿದ.

ರಿಪೋರ್ಟು ಕೈಗೆ ಬಂದಾಗ ಮೂರಾಗಿತ್ತು. ಬೆಂಚಿನ ಮೇಲೆ ಕುಳಿತು ಹಾಳೆಯ ಮಡಿಕೆಯನ್ನು ಹೆಬ್ಬೆರಳಿನಿಂದ ತೀಡಿ ಓದಿದಳು. ಬಲಗಡೆಯ ರಂಧ್ರ: ಆಗ ಹದಿನಾಲ್ಕು, ಈಗ ಹದಿನಾಲ್ಕು. ಒಂಬತ್ತು ವರ್ಷಗಳಲ್ಲಿ ವ್ಯತ್ಯಾಸ, ಸೊನ್ನೆ ಮಿಲಿಮೀಟರ್.