ಮೊದಲ ಮೊಳ

ದ್ಯಾಮಕ್ಕನ ಒದ್ದೆ ಕೂದಲು ಬಾಚುತ್ತಿದ್ದ ಮಗಳು ಸುಮಲತಾ, ಹಂಪಕ್ಕ ಮಲ್ಲಿಗೆ ದಂಡೆ ಹಿಡಿದು ಬಂದದ್ದೇ ಅವ್ವನ ಹೆಣಕ್ಕೆ ಕೈ ಅಡ್ಡ ಹಿಡಿದಳು.

"ಬ್ಯಾಡ ದೊಡ್ಡವ್ವ. ನಮ್ಮವ್ವಗ ಹೂ ಬ್ಯಾಡ."

"ಮುತ್ತೈದಿ ಸತ್ತಾಳವ್ವ. ಹೂ ಮುಡಿಸದ ಹೆಂಗ ಕಳಸಾದು? ಮಂದಿ ನೋಡಿದ್ರ ಏನಂತಾರ?"

"ಮಂದಿ ನೋಡಾದೆಲ್ಲ ಅವತ್ತ ನೋಡ್ಯಾರ. ಅವತ್ತಿಂದ ನಮ್ಮವ್ವ ಒಂದು ಮೊಗ್ಗು ಮುಡದಿಲ್ಲ."

ಮೂಲೆಯಲ್ಲಿ ಕೂತಿದ್ದ ದ್ಯಾಮಕ್ಕನ ಗಂಡ ಹುಲುಗಪ್ಪ ತಲೆ ಎತ್ತಲಿಲ್ಲ.

ಹಂಪಕ್ಕ ಸತ್ತವಳ ನೆಗೆಣ್ಣಿ, ಹುಲುಗಪ್ಪನ ಅಣ್ಣನ ಹೆಂಡತಿ. ನಸುಕಿನಲ್ಲಿ ಹೂ ಬಿಡಿಸುತ್ತಿದ್ದಾಗ ಸಾವಿನ ಸುದ್ದಿ ತೋಟಕ್ಕೇ ಬಂದಿತ್ತು. ಬುಟ್ಟಿಯನ್ನು ಬದುವಿನ ಮೇಲೇ ಬಿಟ್ಟು, ತಲೆಯ ಮೇಲೆ ಸೆರಗೆಳೆದುಕೊಂಡು ಓಡಿಬಂದು, ಉಡಿಯಲ್ಲಿದ್ದ ಮೊಗ್ಗನ್ನು ಅಂಗಳದಲ್ಲೇ ಕೂತು ಕಟ್ಟಿದ್ದಳು.

* * *

ಬಿಡಿಸಿದ ಹೂವಿನಲ್ಲಿ ಮೊದಲ ಮೊಳ ಬಿಡಿಸಿದವಳ ತಲೆಗೆ, ಆಮೇಲೆ ಬುಟ್ಟಿ ಹಡಗಲಿ ಪೇಟೆಗೆ. ಅತ್ತೆ ಇಬ್ಬರು ಸೊಸೆಯರಿಗೂ ಕಲಿಸಿದ್ದ ಪದ್ಧತಿ ಅದು. ಮನಸ್ಸು ಎಲ್ಲಿದ್ದರೂ ಕೈ ತಾನೇ ಮುಡಿಸುತ್ತಿತ್ತು.

ಏಳು ವರ್ಷದ ಹಿಂದೆ, ಹೂ ಒಯ್ಯಲು ತೋಟಕ್ಕೆ ಬಂದ ವ್ಯಾಪಾರಿ ಒಂಟಿಯಾಗಿದ್ದ ದ್ಯಾಮಕ್ಕನನ್ನು ಕೆಡಿಸಿದ. ಅವಳು ತೋಟದಿಂದ ನೇರ ಠಾಣೆಗೆ ನಡೆದಳು. ಅಲ್ಲಿ ಟೀವಿ ಕ್ಯಾಮೆರಾದವರಿದ್ದರು. ಅವಳು ಅಳಲಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಸಂಜೆಯೊಳಗೆ ಊರಿನ ಮೊಬೈಲುಗಳಲ್ಲೆಲ್ಲ ಅವಳ ತಲೆಯ ಹೂವಿನ ಸುತ್ತ ಕೆಂಪು ಗೆರೆ, ಹಿಂದೆ ಡೋಲಿನ ಸದ್ದು, ಕೆಳಗೊಂದು ಪ್ರಶ್ನೆ: ನೊಂದವಳು ಹೀಗಿರುತ್ತಾಳಾ? ಧಾರಾವಾಹಿಯಲ್ಲಿ ಅಂಥವಳು ಕೂದಲು ಕೆದರಿಕೊಂಡು ಬೋರಾಡಿ ಅಳುವುದನ್ನು ದಿನಾ ನೋಡುತ್ತಿದ್ದ ಊರಿಗೆ ಉತ್ತರ ಹುಡುಕುವ ಕಷ್ಟವೇ ಬೀಳಲಿಲ್ಲ.

ಮರುದಿನ ಮೈಕು ಹಂಪಕ್ಕನ ಬಾಗಿಲಿಗೆ ಬಂತು. ಆ ಹೂವು ಯಾಕೆಂದು ಊರಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದಿದ್ದರೂ ಅವಳಿಗೆ ಗೊತ್ತಿತ್ತು. ಆದರೆ ಮನೆತನದ ಹೆಸರು ಕೆಟ್ಟಿತೆಂಬ ಸಿಟ್ಟಿಗೋ, ಟೀವಿಯಲ್ಲಿ ಕಾಣುವ ಚಪಲಕ್ಕೋ, ಅವಳು ಸೆರಗು ಸರಿಮಾಡಿಕೊಂಡು ಅಂದಳು: "ಹಂಗಾದಾಕಿ ಹೂ ಮುಡಕಂಡು ಬರ್ತಾಳೇನ್ರಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಿದ್ದು ಹಂಪಕ್ಕ, ಹೋದದ್ದು ದ್ಯಾಮಕ್ಕನದು. ಸ್ವಂತ ಮನೆಯವಳೇ ಅಂದಮೇಲೆ ಇನ್ನೇನು ಎಂದಿತು ಊರು. ವ್ಯಾಪಾರಿ ಮತ್ತೆ ಬಂದು ಹೂ ಕೊಳ್ಳತೊಡಗಿದ.

* * *

"ಅವತ್ತು ನನ್ನ ನಾಲಿಗಿ ಬಿದ್ದು ಹೋಗಬೇಕಿತ್ತು ಸುಮಾ. ಇದೊಂದು ಮಾಡಾಕ ಬಿಡವ್ವ."

"ಇದನ್ನ ಆ ಮೈಕಿನ ಮುಂದ ಹೇಳಬೇಕಿತ್ತು. ಹೋಗ್ಲಿ, ಅವ್ವ ಇದ್ದಾಗರ ಹೇಳಬೇಕಿತ್ತು."

ಹಂಪಕ್ಕ ದಂಡೆ ಕೆಳಗಿಟ್ಟು, ದ್ಯಾಮಕ್ಕನ ಪಾದಕ್ಕೆ ಹಣೆ ಹಚ್ಚಲು ಬಗ್ಗಿದಳು. ತಲೆಯ ಸೆರಗು ಜಾರಿತು.

ಸುಮಲತಾಳ ಗಂಡ ತಿಪ್ಪೇಶ, ಬರಲಾಗದ ಕೊಟ್ಟೂರಿನ ನೆಂಟರಿಗೆ ಮೊಬೈಲಿನಲ್ಲಿ ಹೆಣದ ಮುಖ ತೋರಿಸುತ್ತಿದ್ದ. ಅದರೊಳಗಿಂದ ಯಾರೋ ಕೇಳಿದರು:

"ಯಾರಲೇ ಆಕಿ, ಹೆಣದ ಮುಂದ ಹೂ ಮುಡಕಂಡು ಕುಂತಾಕಿ?"

ಹಂಪಕ್ಕ ಕೈಯನ್ನು ಜಡೆಗೆ ಒಯ್ದಳು. ನಸುಕಿನಲ್ಲಿ ತೋಟದಲ್ಲಿ ಮುಡಿದ ಮೊದಲ ಮೊಳ ಇನ್ನೂ ಅಲ್ಲೇ ಇತ್ತು. ಸಾವಿನ ಮನೆಗೆ ಯಾರೂ ಹೂ ಮುಡಿದು ಬರುವುದಿಲ್ಲ.

ತಿಪ್ಪೇಶನ ಕೈಯ ಮೊಬೈಲು ಇನ್ನೂ ಅವಳ ಕಡೆಗೇ ಇತ್ತು. ಸುಮಲತಾ ಬಾಚಣಿಗೆ ಕೆಳಗಿಟ್ಟಳು. ಹೆಣದ ಮೇಲಿಂದ ಕೈ ಚಾಚಿ, ಜಾರಿದ ಸೆರಗನ್ನು ಎತ್ತಿ ದೊಡ್ಡವ್ವನ ತಲೆಗೆ ಹೊದಿಸಿದಳು.