ನಾಲ್ಕು ಬೆರಳಿನ ಕಿಟಕಿ

ಗಂಡನನ್ನು ಮಣ್ಣು ಮಾಡಿ ಬಂದ ನಾಲ್ಕನೆಯ ದಿನ ಸೋಮವಾರ. ಅತ್ತೆ ಹಿಂದಿನ ಸಂಜೆಯ ವಿಮಾನಕ್ಕೆ ಊರಿಗೆ ಹೊರಟುಹೋಗಿದ್ದರು. ಕಾರಿನ್ ಎದ್ದಳು, ಕಾಫಿ ಮಾಡಿದಳು, ಒಬ್ಬಳಿಗೆ ಹೆಚ್ಚಾದದ್ದನ್ನು ಸಿಂಕಿಗೆ ಸುರಿದಳು.

ಅಡುಗೆಮನೆಯ ಕಟ್ಟೆಯ ಮೇಲೆ ಪಾತ್ರೆಗಳು ಬೋರಲು ಬಿದ್ದಿದ್ದವು. ಸಾವಿನ ಮನೆಗೆ ಊಟ ತರುವವರೆಲ್ಲ ಪಾತ್ರೆಯ ತಳಕ್ಕೆ ಟೇಪಿನ ಚೂರು ಅಂಟಿಸಿ ಹೆಸರು ಬರೆದಿರುತ್ತಾರೆ. ಖಾಲಿಯಾದ ಮೇಲೆ ತೊಳೆದು ಅವರವರ ಮನೆಗೆ ಮುಟ್ಟಿಸಬೇಕು. ಕಾರಿನ್ ಎಲ್ಲವನ್ನೂ ತೊಳೆದಿದ್ದಳು, ಒಂದನ್ನು ಬಿಟ್ಟು. ಅದರ ತಳದಲ್ಲಿ ನೀಲಿ ಟೇಪಿನ ಮೇಲೆ ಹಸಿರು ಶಾಯಿಯಲ್ಲಿ ಒಫೀಲಿಯಾ ಎಂದಿತ್ತು. ಅತ್ತೆ ಅದರಿಂದ ಎರಡು ಸಲ ಬಡಿಸಿಕೊಂಡು, ಯಾರ ಕೈರುಚಿ ಇದು ಎಂದು ಕೇಳಿದ್ದರು. ಹಿಂದಿನ ಓಣಿಯವಳದು ಎಂದಷ್ಟೇ ಹೇಳಿ ಕಾರಿನ್ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ್ದಳು.

ಕಾಗದದ ತಟ್ಟೆಗಳನ್ನು ಚೀಲಕ್ಕೆ ತುಂಬಿ ಓಣಿಯ ಕಸದ ತೊಟ್ಟಿಗೆ ಹಾಕಿ ಬಂದಳು. ಮರುಭೂಮಿಯ ಊರು ಟೂಸಾನಿನ ಜೂನ್ ತಿಂಗಳು, ಎಂಟು ಗಂಟೆಗೇ ಜಲ್ಲಿಕಲ್ಲು ಕಾದಿತ್ತು. ಬರುವಾಗ ಗ್ಯಾರೇಜಿನ ಕಿಟಕಿ ಎಂದಿನಂತೆ ನಾಲ್ಕು ಬೆರಳಷ್ಟು ತೆರೆದಿರುವುದು ಕಂಡಿತು. ಕೈ ತಾನಾಗಿಯೇ ಹೋಗಿ ಗಾಜನ್ನು ದೂಡಿತು. ಸರಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಗಾಜು ಕೊನೆಯವರೆಗೂ ಸರಿದು ಟಕ್ ಎಂದು ಮುಚ್ಚಿಕೊಂಡಿತು.

ಕಾರಿನ್ ಅಲ್ಲೇ ನಿಂತಳು.

ಆ ಕಿಟಕಿಯ ಜಗಳ ಒಂದು ವರ್ಷದ್ದು. ಬಾಯಿಬಿಟ್ಟು ಆಡಿದ ಜಗಳವಲ್ಲ. ವೇಡ್ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ಬಂದವನೇ ಗ್ಯಾರೇಜ್ ಸೇರುತ್ತಿದ್ದ. ಹಳೆಯ ಕೈಗರಗಸಗಳ ತುಕ್ಕು ತೆಗೆದು, ಒಂದೊಂದೇ ಹಲ್ಲನ್ನು ಅರದಿಂದ ಉಜ್ಜಿ ಚೂಪು ಮಾಡುವುದು ಅವನ ಹುಚ್ಚು. ದೊಡ್ಡ ಬಾಗಿಲಿನ ಗಾಜುಗಳಿಗೆ ಬಿಳಿ ಹಾಳೆ ಅಂಟಿಸಿದ್ದ. ಬೀದಿಗೆ ಕಂಡರೆ ಎಲ್ಲರೂ ತಮ್ಮ ಮೊಂಡು ಗರಗಸ ಹಿಡಿದುಕೊಂಡು ಬರುತ್ತಾರೆ ಎನ್ನುತ್ತಿದ್ದ. ಬಾಗಿಲಿನ ಹಿಂದೆ ಕಪ್ಪು ನೆರಳುಬಟ್ಟೆ ತೂಗಿಬಿಟ್ಟಿದ್ದ. ಅಡುಗೆಮನೆಯ ಕಡೆಯ ಬಾಗಿಲಿಗೂ ಒಳಗಿನಿಂದ ಕೊಂಡಿ. ಬೀದಿಗೆ ಬಾಗಿಲು ಹಾಕಿದ್ದನ್ನು ಕಾರಿನ್ ಒಪ್ಪಿದ್ದಳು. ತನಗೂ ಹಾಕಿದ್ದನ್ನು ನುಂಗಿಕೊಂಡಿದ್ದಳು. ಆದರೆ ಅಷ್ಟೆಲ್ಲ ಮುಚ್ಚಿಕೊಂಡವನು ಓಣಿಯ ಕಿಟಕಿಯನ್ನು ಮಾತ್ರ ತೆರೆದಿಡುತ್ತಿದ್ದ. ಅದರ ಎದುರಿಗೆ ಒಫೀಲಿಯಾಳ ಗೇಟು.

ಒಫೀಲಿಯಾ ಬುಸ್ತಮಾಂತೆ ವಾಹನಗಳ ಸೀಟುಗಳಿಗೆ ಹೊಸ ಹೊದಿಕೆ ಹೊಲಿದುಕೊಡುವವಳು. ನಲವತ್ತೈದು ದಾಟಿರಬೇಕು. ದಿನವಿಡೀ ದಪ್ಪ ಚರ್ಮ ಎಳೆದು ಕಟ್ಟಿ ತೋಳುಗಳು ಗಟ್ಟಿಯಾಗಿದ್ದವು. ಅವಳ ನಗು ಓಣಿಯ ಆ ತುದಿಗೂ ಕೇಳುತ್ತಿತ್ತು. ಅಡುಗೆಮನೆಯಲ್ಲಿ ಕಾರಿನ್‌ಗೆ ಅರದ ಸದ್ದು ನಿಂತದ್ದು ಕೇಳುತ್ತಿತ್ತು, ಮರುಕ್ಷಣ ಆ ನಗು. ಊಟಕ್ಕೆ ಕೂತಾಗ ಹೂಂ ಎನ್ನುವುದಕ್ಕೂ ಲೆಕ್ಕ ಹಾಕುವ ಗಂಡ, ಅಲ್ಲಿ ಏನು ಹೇಳಿ ಅವಳನ್ನು ಅಷ್ಟು ನಗಿಸುತ್ತಾನೆ?

ಕಸ ಹಾಕುವ ನೆಪದಲ್ಲಿ ಹೋಗಿ ಕಾರಿನ್ ಕಿಟಕಿ ಮುಚ್ಚಿಬರುತ್ತಿದ್ದಳು. ಅರ್ಧ ಗಂಟೆಯಲ್ಲಿ ಅದು ಮತ್ತೆ ತೆರೆದಿರುತ್ತಿತ್ತು. ಯಾಕೆ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮೇ ತಿಂಗಳ ಒಂದು ಭಾನುವಾರ ಕಿಟಕಿಯ ಹಳಿಯಲ್ಲಿ ಒಂದು ಮರದ ತುಂಡು ಬಂದು ಕೂತಿತು, ಸ್ಕ್ರೂ ಹಾಕಿ ಬಿಗಿದದ್ದು. ಎಷ್ಟು ದೂಡಿದರೂ ನಾಲ್ಕು ಬೆರಳಿನ ಸಂದಿ ಮುಚ್ಚಲಿಲ್ಲ. ಮುಖಕ್ಕೆ ಹೊಡೆದ ಹಾಗಾಯಿತು. ಅಂದಿನಿಂದ ಅವಳು ಓಣಿಗೆ ಹೋಗುವುದನ್ನೇ ಬಿಟ್ಟಳು. ಕಸವನ್ನು ವೇಡ್ ಹಾಕಿ ಬರುತ್ತಿದ್ದ.

ಅದಾಗಿ ಮೂರು ವಾರವಾಗಿತ್ತು. ಬೇಸಿಗೆ ರಜೆಯ ವಿಶೇಷ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದವನ ತಲೆಯೊಳಗೆ ರಕ್ತನಾಳ ಒಡೆಯಿತು. ಮೂವತ್ತೈದು ವರ್ಷ.

ಕಾರಿನ್ ಅಡುಗೆಮನೆಯ ಕಡೆಯಿಂದ ಗ್ಯಾರೇಜಿಗೆ ಹೋದಳು. ಕೊಂಡಿ ಹಾಕುವವರಿರಲಿಲ್ಲ, ಬಾಗಿಲು ಸುಮ್ಮನೆ ತೆರೆದುಕೊಂಡಿತು. ಗೋಡೆಯುದ್ದಕ್ಕೂ ಗರಗಸಗಳು. ಮೇಜಿನ ಮೇಲೆ ಆ ಮರದ ತುಂಡು, ಅದರ ಮೇಲೆ ಬಿಚ್ಚಿದ ಸ್ಕ್ರೂ. ಕಳಚಿ ಇಟ್ಟವನು ಅವನೇ, ಬೇರೆ ಯಾರೂ ಇಲ್ಲಿ ಕಾಲಿಟ್ಟಿರಲಿಲ್ಲ. ಕಾಲಿಟ್ಟಿರಲಿಲ್ಲವೇ? ಪಕ್ಕದಲ್ಲಿ ಚಕ್ರಗಳ ಮೇಲೆ ನಿಂತಿದ್ದ, ನೀರು ತುಂಬಿ ತಂಪು ಗಾಳಿ ಬೀಸಿಸುವ ಕೂಲರ್. ಅವನು ಕೊಂಡು ತಂದದ್ದು ಎಂದುಕೊಂಡಿದ್ದಳು. ಬಗ್ಗಿ ಅದರ ಹಿಂಬದಿ ನೋಡಿದಳು. ನೀಲಿ ಟೇಪು, ಹಸಿರು ಶಾಯಿ.

ಕೂಲರಿನ ತೊಟ್ಟಿಯಲ್ಲಿ ಇನ್ನೂ ನೀರಿತ್ತು. ಅದನ್ನು ಅಂಗಳಕ್ಕೆ ಬಸಿದಳು. ಬಿಸಿಲಿಗೆ ನೀರು ನೋಡನೋಡುತ್ತ ಆರಿತು. ಮರದ ತುಂಡನ್ನು ಜೇಬಿಗೆ ಹಾಕಿಕೊಂಡು, ಕೂಲರನ್ನು ಜಲ್ಲಿಯ ಮೇಲೆ ಗಡಗಡ ಎಳೆದುಕೊಂಡು ಓಣಿ ದಾಟಿದಳು. ಕೊಡುವುದು ನೆಪ. ಆ ಹೆಂಗಸಿನ ಮುಖ ನೋಡಬೇಕಿತ್ತು.

ಒಫೀಲಿಯಾಳ ಗ್ಯಾರೇಜಿನ ಬಾಗಿಲು ಪೂರ್ತಿ ಮೇಲೆತ್ತಿತ್ತು. ನಾಯಿ, ಹೊಲಿಗೆ ಯಂತ್ರ, ಬಿಚ್ಚಿಟ್ಟ ಸೀಟುಗಳು, ಎಲ್ಲ ಲೋಕಕ್ಕೆ ತೆರೆದಿದ್ದವು. ಅವಳು ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿ ಎದ್ದು ಬಂದಳು. ಕೂಲರನ್ನು ಕಂಡು, ಮಳೆಗಾಲ ಬರುವವರೆಗೆ ಇಟ್ಟುಕೋ ಎಂದಳು. ಮಳೆ ಹಿಡಿದರೆ ಹೇಗೂ ಅದು ಕೆಲಸಕ್ಕೆ ಬಾರದು.

"ಅವರು ನಿಮ್ಮ ಹತ್ರ ಏನ್ ಮಾತಾಡ್ತಿದ್ರು?" ಕಾರಿನ್ ಕೇಳಿದಳು.

ಒಫೀಲಿಯಾ ತಡೆದು ನೋಡಿದಳು. ಎಲ್ಲ ಅರ್ಥವಾದವಳ ನೋಟ. ಕಾರಿನ್‌ಗೆ ಅದು ಇನ್ನೂ ಹೊಟ್ಟೆ ಉರಿಸಿತು.

"ನಾನು ಒಳಗೆ ಹೋಗಿಲ್ಲ, ಮಿಹಾ. ಒಂದಿನಾನೂ. ನಾಯಿ ಕರ್ಕೊಂಡು ಹೋಗೋವಾಗ ಕಿಟಕೀಲಿ ಎರಡು ಮಾತು, ಅಷ್ಟೇ."

ಮಗಳೇ ಎಂದು ಕರೆಸಿಕೊಳ್ಳಲು ಕಾರಿನ್ ಬಂದಿರಲಿಲ್ಲ. "ಅದಕ್ಕೇ ತೆರೆದಿಡ್ತಿದ್ರಾ?"

"ಅಯ್ಯೋ, ಕೂಲರ್‌ಗೆ ಕಣಮ್ಮ. ಒಳಗೆ ಬಂದ ತಂಪು ಗಾಳಿ ಹೊರಗೆ ಹೋಗೋಕೆ ದಾರಿ ಬೇಡ್ವಾ? ಇಲ್ಲದಿದ್ರೆ ಬಚ್ಚಲುಮನೆ ಥರ ಜಿಬಜಿಬ. ಗರಗಸಕ್ಕೆಲ್ಲ ತುಕ್ಕು ಹಿಡಿಯತ್ತೆ. ಈ ಊರಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು ಇದು. ನೀನು ಅದೇನೋ ನೀರಿನ ಮೇಲೆ ಓದಿದೀಯಂತಲ್ಲ?"

ಕಾರಿನ್ ಓದಿದ್ದಳು. ಜಲಾಶಯಗಳ ನೀರು ಒಣ ಗಾಳಿಗೆ ಎಷ್ಟು ಆವಿಯಾಗುತ್ತದೆ ಎಂದು ಇನ್ನೂರು ಪುಟ ಬರೆದು ಪದವಿ ಪಡೆದಿದ್ದಳು. ಮಿನ್ನೆಸೋಟದ ತೇವದಲ್ಲಿ ಬೆಳೆದವಳು, ಒದ್ದೆ ಗಾಳಿ ಎಂದರೇನು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದು ವರ್ಷ ಆ ಕಿಟಕಿಯ ಮುಂದೆ ನಿಂತು ಅವಳಿಗೆ ಅದರಲ್ಲಿ ಕಂಡದ್ದು ಒಬ್ಬ ಹೆಂಗಸು ಮಾತ್ರ.

"ನಂಗೆ ಯಾಕೆ ಹೇಳ್ಲಿಲ್ಲ?"

"ನಾನೂ ಅದೇ ಅಂದೆ. ಹೇಳೋ ಮಾರಾಯಾ, ಗರಗಸ ಹಾಳಾಗ್ತಿದೆ ಅಂತ. ಹೇಳಿದ್ರೆ ಅವಳು ಬರೋದು ನಿಲ್ಲಿಸ್ತಾಳೆ ಅಂದ. ಕಿಟಕಿ ಮುಚ್ಚೋಕೆ ಬರ್ತಾಳಲ್ಲ, ಜಲ್ಲಿ ಮೇಲೆ ಅವಳ ಕಾಲ್ಸಪ್ಪಳ ಕೇಳತ್ತೆ ಅಂತ. ಎಂಥಾ ಕತ್ತೆ ಇವನು ಅಂತ ನಾನು ನಗ್ತಿದ್ದೆ. ಆಮೇಲೆ ತುಕ್ಕು ಜಾಸ್ತಿ ಆಯ್ತು ಅಂತ ಆ ಮರದ ತುಂಡು ಕೊಟ್ಟೋಳೂ ನಾನೇ. ಹತ್ತು ದಿನಕ್ಕೆ ಮುಖ ಸಣ್ಣ ಮಾಡ್ಕೊಂಡು, ಅವಳು ಬರ್ತಾನೇ ಇಲ್ಲ, ಕಿತ್ ಹಾಕ್ತೀನಿ ಅಂದ."

ನಾಯಿ ಬಂದು ಕಾರಿನ್‌ಳ ಚಪ್ಪಲಿ ಮೂಸಿತು.

ಕಿಟಕಿ ತೆರೆದದ್ದು ಈ ಹೆಂಗಸಿಗಾಗಿ ಅಲ್ಲ ಎಂದು ತಿಳಿದರೆ ಹಗುರಾಗಬೇಕಿತ್ತು. ಆಗಲಿಲ್ಲ. ಕೊಂಡಿ ಹಾಕಿಕೊಂಡು ಅವನು ಕಾರಿನ್‌ಳ ಹೆಜ್ಜೆಗೆ ಕಿವಿಗೊಟ್ಟು ಕೂತಿದ್ದ. ಅದನ್ನು ತನಗೆ ಹೇಳಲಿಲ್ಲ. ನಾಲ್ಕು ಬೆರಳಿನ ಸಂದಿಯಲ್ಲಿ ಇವಳಿಗೆ ಹೇಳಿದ. ಇವಳು ಅದನ್ನು ಕೇಳಿ ನಕ್ಕಳು. ಆ ಮಾತು ತಿಂಗಳುಗಟ್ಟಲೆ ಇವಳ ಹತ್ತಿರ ಇತ್ತು. ತನಗೆ ಸಿಗುವಾಗ ಅವನೇ ಇಲ್ಲ.

"ಬೇರೆ ಏನಾದ್ರೂ ಹೇಳಿದ್ರಾ?"

"ಬೇರೆ ಏನಿಲ್ಲ." ಒಫೀಲಿಯಾ ಅಂಗೈಯ ಮೊಳೆಗಳನ್ನು ನೋಡಿದಳು. "ನಿಜವಾಗಿ ಏನಿಲ್ಲ."

ನಂಬಬೇಕೋ ಬಿಡಬೇಕೋ ಗೊತ್ತಾಗಲಿಲ್ಲ. ಒಫೀಲಿಯಾ ಮತ್ತೆ, ಇಟ್ಟುಕೋ, ಇನ್ನೂ ಬಿಸಿಲಿದೆ, ನೀನೂ ಅಲ್ಲಿ ಕೂರಬಹುದು ಎಂದಳು. ಕಾರಿನ್ ಜೇಬಿನೊಳಗೆ ಮರದ ತುಂಡನ್ನು ಹಿಡಿದುಕೊಂಡಳು. ಸ್ಕ್ರೂ ಹಾಕಿದ್ದ ತೂತು ಬೆರಳಿಗೆ ಸಿಕ್ಕಿತು.

"ಬೇಡ. ನಿಮ್ಮದು ನಿಮ್ಮ ಹತ್ರ ಇರಲಿ," ಎಂದಳು. "ಪಾತ್ರೆ ನಾಳೆ ತರ್ತೀನಿ. ಇನ್ನೂ ತೊಳೆದಿಲ್ಲ."

"ಆ ತುಂಡು?" ಒಫೀಲಿಯಾ ಅವಳ ಜೇಬಿನ ಕಡೆ ನೋಡುತ್ತ ಮೆಲ್ಲಗೆ ನಕ್ಕಳು. "ಅದೂ ನಂದೇ."

"ಅದನ್ನ ಕೊಡಲ್ಲ."

ಕೂಲರನ್ನು ನೆರಳಿರುವಲ್ಲಿಗೆ ದೂಡಿ, ಟೇಪು ಅಂಟಿಸಿದ ಬದಿಯನ್ನು ಒಫೀಲಿಯಾಳ ಕಡೆಗೆ ತಿರುಗಿಸಿ, ಹಿಡಿಕೆಯಿಂದ ಕೈ ತೆಗೆದಳು.