ಪರೀಕ್ಷೆಯ ದಿನ ಹಯಾತೆ

ನಿಧಿ ಲಗಾಮು ತೊಡಿಸುತ್ತಿದ್ದಾಗ ಕುದುರೆ ಹಯಾತೆ ಮೈಭಾರವನ್ನು ಒಂದು ಮುಂಗಾಲಿನಿಂದ ಇನ್ನೊಂದಕ್ಕೆ ಬದಲಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ ಬದಲಿಸಿತು. ಲಾಯದ ಬಾಗಿಲಲ್ಲಿದ್ದ ಅವಳ ಅಮ್ಮ ಜಾಹ್ನವಿಗೆ, ತಾನಿದನ್ನು ನೋಡಲೇಬಾರದಿತ್ತು ಅನ್ನಿಸಿತು.

ಜಪಾನಿನ ಉರಯಾಸು ಪಟ್ಟಣದ ಮನೆಯಿಂದ ಈ ಸವಾರಿ ಕ್ಲಬ್ಬಿಗೆ ಮೊದಲು ರೈಲು, ಆಮೇಲೆ ಬಸ್ಸು. ತಾಯಿಮಗಳು ಪ್ರತಿ ಶನಿವಾರ ಬರುತ್ತಿದ್ದದ್ದೇ ನಿಧಿಯ ಇವತ್ತಿನ ಸವಾರಿ ದರ್ಜೆ ಪರೀಕ್ಷೆಗಾಗಿ. ಬೇರೆ ಕುದುರೆ ಹತ್ತಿದರೆ ನಿಧಿ ಹೆದರಿ ಇಳಿದುಬಿಡುತ್ತಿದ್ದಳು. ರೇಸು ಬಿಟ್ಟು ಬಂದ ಈ ಕಂದು ಹಯಾತೆಯ ಮೇಲೆ ಮಾತ್ರ ಹಾಗಾಗುತ್ತಿರಲಿಲ್ಲ.

ಜಾಹ್ನವಿ ಬಗ್ಗಿ, ಕುದುರೆಯ ಪಾದದ ಗಂಟಿನ ಹಿಂದೆ ಎರಡು ಬೆರಳಿಟ್ಟಳು. ಬೆರಳುಗಳು ಜಾಗ ಮರೆತಿರಲಿಲ್ಲ.

ಅವಳು ಓದಿದ ಹೆಬ್ಬಾಳದ ವೆಟರ್ನರಿ ಕಾಲೇಜು. ಬೆಳಗಿನ ಚಳಿ, ಬೇಯುತ್ತಿದ್ದ ಹುರುಳಿಯ ವಾಸನೆ, ಲಾಯದಲ್ಲಿ ಕುಕ್ಕರಗಾಲಲ್ಲಿ ಕೂತ ವಿದ್ಯಾರ್ಥಿಗಳು. ಅನಸೂಯಾ ಮೇಡಂ ಇದೇ ಜಾಗದಲ್ಲಿ ನಾಡಿ ಹುಡುಕಿಸುತ್ತಿದ್ದರು. ಯಾರಿಗೂ ಸಿಗುತ್ತಿರಲಿಲ್ಲ. ಒಂದು ದಿನ ಸಹಪಾಠಿ ಶಂಕರ ತನಗೆ ಸಿಕ್ಕಿತೆಂದು ಬೀಗಿದ. "ಅಷ್ಟು ಸುಲಭವಾಗಿ ಸಿಕ್ಕಿದ್ರೆ ಕುದುರೆಗೆ ಕಾಯಿಲೆ ಇರಬೇಕು ಕಣಪ್ಪ. ಇಲ್ಲಾಂದ್ರೆ ನೀನು ನಿನ್ನ ಬೆರಳಿನ ನಾಡೀನೇ ಎಣಿಸ್ತಿದ್ದೀಯ," ಎಂದಿದ್ದರು ಮೇಡಂ. ಎಲ್ಲರೂ ನಕ್ಕ ಸದ್ದಿಗೆ ಕುದುರೆಯೂ ಕಿವಿ ನಿಮಿರಿಸಿತ್ತು. ನಕ್ಕವರಲ್ಲಿ ಎಷ್ಟು ಜನ ಈಗಲೂ ಕುದುರೆ ಮುಟ್ಟುತ್ತಾರೋ.

ಇವತ್ತು ನಾಡಿ ಹುಡುಕುವ ಮೊದಲೇ ಬೆರಳಿಗೆ ಬಡಿಯಿತು. ಗೊರಸು ಬಿಸಿಯಾಗಿತ್ತು. ವಸಂತದ ಎಳೆಹುಲ್ಲನ್ನು ಅತಿಯಾಗಿ ಮೇದ ಕುದುರೆಗೆ ಗೊರಸಿನೊಳಗೆ ಉರಿಯೂತ ಶುರುವಾಗುವುದು ಹೀಗೆ. ಈ ಸ್ಥಿತಿಯಲ್ಲಿ ಓಡಿಸಿದರೆ ಒಳಗಿನ ಮೂಳೆಯ ಹಿಡಿತ ಸಡಿಲಬಹುದು. ಹಾಗಾದ ಕುದುರೆ ಮತ್ತೆ ನೆಟ್ಟಗೆ ನಡೆಯುವ ಭರವಸೆಯಿಲ್ಲ.

ಆದರೆ ಜಪಾನಿನಲ್ಲಿ ಜಾಹ್ನವಿ ವೈದ್ಯೆಯಲ್ಲ, ಊಟದ ಡಬ್ಬಿ ಹಿಡಿದು ಬೆಂಚಿನಲ್ಲಿ ಕೂರುವ ನಿಧಿಯ ಅಮ್ಮ. ಸುಮ್ಮನಿದ್ದರೆ ಯಾರೂ ಯಾಕೆಂದು ಕೇಳುತ್ತಿರಲಿಲ್ಲ.

ಅವಳು ತರಬೇತುದಾರ ಮೊರಿತಾ-ಸಾನ್ ಬಳಿ ಹೋಗಿ, ಸುಮಿಮಾಸೆನ್, ಕ್ಷಮಿಸಿ ಎಂದು ಶುರುಮಾಡಿದಳು. ಅರ್ಧದಲ್ಲೇ ಜಪಾನಿ ಪದಗಳು ಮುಗಿದುಹೋದವು. ಕೊನೆಗೆ ಬೆರಳಿಡುವ ಜಾಗವನ್ನೇ ತೋರಿಸಿದಳು. ಅವರು ಮುಟ್ಟಿ ನೋಡಿದರು, ಪಕ್ಕದ ಕುದುರೆಯ ಕಾಲನ್ನೂ ಮುಟ್ಟಿ ಬಂದರು, ಕೂಡಲೇ ವೈದ್ಯರಿಗೆ ಫೋನ್ ಮಾಡಿದರು. ಉಳಿದ ಕುದುರೆಗಳೆಲ್ಲ ಬೇರೆ ಮಕ್ಕಳ ಪಾಲಾಗಿದ್ದವು; ನಿಧಿಗೆ ಪರೀಕ್ಷೆ ತಪ್ಪಿತು.

"ಇಲ್ಲಿ ನೀನು ಡಾಕ್ಟರೇ ಅಲ್ವಲ್ಲಾ ಅಮ್ಮ," ಎಂದಳು ನಿಧಿ. "ನೆಕ್ಸ್ಟ್ ಟೆಸ್ಟ್ ಆಟಮ್‌ನಲ್ಲಿ, ಇನ್ನೂ ಆರು ತಿಂಗಳು. ಡೂ ಯು ನೋ ದಟ್?"

"ಗೊತ್ತು."

"ಒಂದ್ಸಲ ಸುಮ್ನೆ ಇರಕ್ಕಾಗಲ್ವಾ?"

"ಆಗ್ಲಿಲ್ಲ ಕಣೇ."

ನಿಧಿ ಬೇಲಿಯ ಹತ್ತಿರ ಹೋಗಿ, ಇತ್ತ ಬೆನ್ನುಮಾಡಿ ನಿಂತಳು.

ವೈದ್ಯರು ಬರುವವರೆಗೆ ಕುದುರೆಯ ಜೊತೆಗಿರುವಿರಾ ಎಂದು ಮೊರಿತಾ-ಸಾನ್ ಜಾಹ್ನವಿಯನ್ನು ಕೇಳಿಕೊಂಡರು. ಐಸ್ ನೀರಿನ ತೊಟ್ಟಿಯಲ್ಲಿ ಮುಂಗಾಲಿಟ್ಟು ಹಯಾತೆ ಉದ್ದನೆಯ ಉಸಿರು ಬಿಟ್ಟಿತು. ಅದರ ಕುತ್ತಿಗೆಯ ಬಿಸಿ ಜಾಹ್ನವಿಯ ಕೆನ್ನೆಗೆ ತಾಗಿತು. ಎಷ್ಟೋ ವರ್ಷವಾಗಿತ್ತು, ಹೀಗೆ ಒಂದು ಪ್ರಾಣಿ ಅವಳಿಗೆ ಒರಗಿ ನಿಂತು. ಬೇಲಿಯಾಚೆ ಪರೀಕ್ಷೆ ನಡೆಯುತ್ತಿತ್ತು, ಯಾರಿಗೋ ಚಪ್ಪಾಳೆ ಬಿತ್ತು.

ಐಸ್ ಕರಗಿತು. ಇನ್ನಷ್ಟು ಕೇಳೋಣವೆಂದು ಜಾಹ್ನವಿ ತಿರುಗುವಷ್ಟರಲ್ಲಿ ಯಾರೋ ತೊಟ್ಟಿಗೆ ದಡದಡ ಐಸ್ ಸುರಿದರು. ನಿಧಿ. ತಲೆಯ ಮೇಲಿನ ಹೆಲ್ಮೆಟ್ಟನ್ನು ಇನ್ನೂ ತೆಗೆದಿರಲಿಲ್ಲ. ಅಮ್ಮನ ಮುಖ ನೋಡದೆ, ಹಯಾತೆಯ ಮೂಗು ಸವರಿ, ಇನ್ನೊಂದು ಚೀಲ ತರಲು ಹೋದಳು.